ಗಿಫ್ಟ್ ಕಾರ್ಡಿಗೆ ಹಾಕಿದ ಸಹಿ

ಮೊನ್ನೆ ಮಗಳು ನನ್ನ ಫೋನಿನಲ್ಲಿ ಏನನ್ನೋ ಒತ್ತುತ್ತಾ, "ಅಪ್ಪಾ, ಜಸ್ಟ್ ಸೈನ್ ಅಪ್. ಗಿಫ್ಟ್ ಕಾರ್ಡ್ ಕೊಡ್ತಾರೆ," ಎಂದಳು. ನಾನು ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅವಳು ಬೆರಗಾಗಿ ನನ್ನ ಮುಖ ನೋಡಿದಳು.

ಸೈನ್ ಅಪ್ ಎಂದರೆ ನನಗಿರುವ ಹೆದರಿಕೆಗೆ ಅವಳಷ್ಟೇ ವಯಸ್ಸು. ಅವಳು ಮೈಸೂರಿನಲ್ಲಿ ಹುಟ್ಟಿ ಮೂರು ತಿಂಗಳಾಗಿದ್ದರೂ ನಾನಿನ್ನೂ ನೋಡಿರಲಿಲ್ಲ. ಎರಡು ಸಾವಿರದ ಇಸವಿಯ ಆಚೀಚಿನ ಕಾಲ; ನಾನು ಅಬುಧಾಬಿಯ ಮುಸಫ್ಫಾದಲ್ಲಿ ಕಬ್ಬಿಣದ ಕೆಲಸದ ಕಂಪನಿಯೊಂದರ ಆಫೀಸಿನಲ್ಲಿದ್ದೆ. ರಜೆ ಮಂಜೂರಾಗಿತ್ತು, ಹೊರಡಲು ಹನ್ನೆರಡು ದಿನವಿತ್ತು. ಮಗುವಿಗೆ ಏನಾದರೂ ಕೊಳ್ಳೋಣವೆಂದು ಶುಕ್ರವಾರ ನಗರದ ಮಾಲಿಗೆ ಹೋದೆ. ಕೊಳ್ಳುವುದಕ್ಕಿಂತ ಬೆಲೆಚೀಟಿ ಓದುವುದೇ ನನಗೆ ಹೆಚ್ಚು ರೂಢಿ ಅನ್ನಿ.

ಬಾಗಿಲ ಬಳಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಬರೆಸಿಕೊಳ್ಳುವ ಮೇಜು ಇತ್ತು. ಹಿಂದೆ ನಿಂತಿದ್ದವರು ಬಂಟ್ವಾಳದ ಇಕ್ಬಾಲ್. ನನಗಿಂತ ಹತ್ತು ವರ್ಷ ದೊಡ್ಡವರು, ನರೆತ ಗಡ್ಡ, ಬಿಗಿಯಾಗಿ ಕಟ್ಟಿದ ಟೈ. ಮಗುವಿಗೆ ಏನು ತರಲೆಂದು ನಾನು ಹೆಂಡತಿಯೊಡನೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ಊರಿನವರಾ ಸಾರ್? ಇದು ಹಿಡ್ಕೊಳ್ಳಿ ಮೊದ್ಲು," ಎಂದು ನೂರು ದಿರ್ಹಮಿನ ಗಿಫ್ಟ್ ಕಾರ್ಡೊಂದನ್ನು ಕೈಗಿಟ್ಟರು. ಕೈಗೆ ಬಂದದ್ದನ್ನು ಹಿಂದಿರುಗಿಸುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಮರುದಿನ ಅವರು ಆಫೀಸಿಗೇ ಬಂದು ಕ್ರೆಡಿಟ್ ಕಾರ್ಡಿನ ಅರ್ಜಿಗೆಂದು ಪಾಸ್‌ಪೋರ್ಟಿನ ನಕಲು, ಸಂಬಳದ ಪತ್ರ ಎಲ್ಲವನ್ನೂ ತೆಗೆದುಕೊಂಡರು. ಕೊನೆಗೆ, "ಗ್ಯಾರಂಟಿಗೆ ಒಂದು ಚೆಕ್ ಸಾರ್. ತಾರೀಕು ಬೇಡ, ಮೊತ್ತ ಬೇಡ, ಬರೀ ಸೈನ್. ಇಲ್ಲಿ ಎಲ್ರೂ ಕೊಡ್ತಾರೆ," ಎಂದರು. ನಾನೂ ಕೊಟ್ಟೆ.

ಸಂಜೆ ಕಂಪನಿಯ ವ್ಯಾನಿನಲ್ಲಿ ಡ್ರೈವರ್ ಹಸನಬ್ಬನವರಿಗೆ ಈ ಲಾಭದ ಸುದ್ದಿ ಹೇಳಿದೆ. ಅವರು ಗಾಡಿಯನ್ನೇ ನಿಧಾನ ಮಾಡಿದರು.

"ಖಾಲಿ ಚೆಕ್ ಕೊಟ್ರಾ? ತಲೆ ಸರಿ ಉಂಟಾ ಮಾರಾಯ್ರೆ ನಿಮ್ಗೆ? ಯಾರಾದ್ರೂ ಮೊತ್ತ ಬರ್ದು ಹಾಕಿ ಅದು ಬೌನ್ಸ್ ಆದ್ರೆ ಖಲಾಸ್. ಇಲ್ಲಿ ಅದಕ್ಕೆ ಪೊಲೀಸ್ ಕೇಸು, ಜೈಲು. ನಿಮ್ಗೆ ಗೊತ್ತಾಗೋದು ಏರ್‌ಪೋರ್ಟಲ್ಲೇ."

ಅಂದಿನಿಂದ ಆಫೀಸಿನ ಫೋನು ಬಡಿದರೆ ಪಕ್ಕದವರಿಗೇ ಎತ್ತಲು ಹೇಳುತ್ತಿದ್ದೆ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ತಲೆಯೆತ್ತಿ ನನ್ನನ್ನು ಪಕ್ಕಕ್ಕೆ ಕರೆಯುವುದು, ಅತ್ತ ಹೆಂಡತಿ ಮಗುವನ್ನೆತ್ತಿಕೊಂಡು ವಿಮಾನ ನಿಲ್ದಾಣದಲ್ಲಿ ಕಾಯುವುದು, ಇವೆರಡೇ ಕಣ್ಣೆದುರು. ಮಗಳ ಮುಖ ನೋಡದೆಯೇ ಜೈಲು ಸೇರುತ್ತೇನೆಂದು ನಿಜವಾಗಿಯೂ ನಂಬಿದ್ದೆ.

ಐದನೆಯ ದಿನ ತಡೆಯಲಾರದೆ ಮಾಲಿಗೆ ಓಡಿ, ಚೆಕ್ ವಾಪಸ್ ಬೇಕೆಂದೆ. ಇಕ್ಬಾಲ್ ನನ್ನನ್ನು ಮೆಟ್ಟಿಲ ಬಳಿಗೆ ಕರೆದೊಯ್ದರು. ಅರ್ಜಿ ಇನ್ನೂ ಅವರ ಚೀಲದಲ್ಲೇ ಇತ್ತು. ವಾರದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೊಡುವುದಂತೆ.

"ಸಾರ್, ಈ ವಾರ ಒಂದು ಅರ್ಜಿ ಕಮ್ಮಿಯಾದ್ರೂ ನನ್ನ ವೀಸಾ ಕ್ಯಾನ್ಸಲ್ ಮಾಡ್ತಾರೆ. ಹೇಳಿಟ್ಟಿದ್ದಾರೆ."

"ಹಾಗಿದ್ರೆ ಗಿಫ್ಟು ಗಿಫ್ಟು ಅಂತ ಯಾಕ್ರೀ ಜನರನ್ನ ಸಿಕ್ಕಿಸ್ತೀರಿ?"

"ಕಂಪನಿ ಕಲ್ಸಿದ್ದೇ ಅದು ಸಾರ್. ಬರೀ ಕಾಗದ ತೋರ್ಸಿದ್ರೆ ಯಾರೂ ನಿಲ್ಲೋದಿಲ್ಲ. ಮೊದ್ಲು ಕೈಗೆ ಕೊಟ್ರೆ, ಮತ್ತೆ ಇಲ್ಲ ಹೇಳ್ಲಿಕ್ಕೆ ನಾಚಿಕೆ ಆಗ್ತದೆ."

ಚೀಲ ಬಿಚ್ಚಿ ಚೆಕ್ ತೆಗೆದುಕೊಟ್ಟರು. ನಾನು ಅಲ್ಲೇ ಚೂರುಚೂರು ಮಾಡಿದೆ.

"ಆ ಗಿಫ್ಟ್ ಕಾರ್ಡಾದ್ರೂ ಕೊಡಿ ಸಾರ್. ಇಲ್ಲಾಂದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ."

"ಅದು ಖರ್ಚಾಗಿಹೋಯ್ತು," ಎಂದೆ. ಕಾರ್ಡು ನನ್ನ ಅಂಗಿಯ ಜೇಬಿನಲ್ಲಿತ್ತು.

"ಇರ್ಲಿ ಬಿಡಿ. ಮಗುವಿಗೆ ಆಯ್ತಲ್ಲ," ಎಂದರು ಇಕ್ಬಾಲ್.

ಏರ್‌ಪೋರ್ಟಿನಲ್ಲಿ ಅಧಿಕಾರಿ ತಲೆಯನ್ನೂ ಎತ್ತದೆ ಮೊಹರು ಒತ್ತಿದ. ನನ್ನ ಚೀಲದಲ್ಲಿ ಆ ಕಾರ್ಡಿನಿಂದ ಕೊಂಡ ಹಳದಿ ಫ್ರಾಕಿತ್ತು.

ಮೊನ್ನೆ ಫೋನು ಹಿಡಿದುಕೊಂಡೇ ಕೂತಿದ್ದ ನನ್ನನ್ನು ಮಗಳು, "ಯಾಕಪ್ಪಾ ಇಷ್ಟು ಹೆದರ್ತೀಯ?" ಎಂದು ಕೇಳಿದಳು. ಕಂಪನಿಗಳು ಮೋಸ ಮಾಡುತ್ತವೆ ಎನ್ನಲು ಬಾಯಿ ತೆರೆದವನು, ಏಕೋ ಫ್ರಾಕಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಒಂದನ್ನೇ ಕೇಳಿದಳು.

"ಆ ಅಂಕಲ್ ವೀಸಾ ಏನಾಯ್ತು?"

"ರಜೆ ಮುಗಿಸಿ ಹೋದಾಗ ಮೇಜಿನ ಹಿಂದೆ ಬೇರೆ ಯಾರೋ ಇದ್ರು," ಎಂದೆ. "ನಾನು ಕೇಳಲಿಲ್ಲ."