ಒದ್ದೆ ಬೆರಳಿಗೆ ಒಂದು ಗುಂಡಿ

ಶರ್ವಾಣಿಯ ಕೆಲಸ ಹೋಯಿತಂತೆ ಎಂಬ ಸುದ್ದಿ ಶಿಡ್ಲಘಟ್ಟದ ಬಸ್ಸಿನಲ್ಲೇ ಚಿಕ್ಕಬಳ್ಳಾಪುರಕ್ಕೆ ಬಂದಿಳಿದಿರಬೇಕು. ಕಂಪನಿ ಕೈಬಿಟ್ಟ ಮೇಲೆ ಹುಡುಗಿ ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಾಳೆ ಎಂದವರು ಅದನ್ನು ಕಣ್ಣಾರೆ ಕಂಡಿದ್ದರು. ಕೂತದ್ದು ನಿಜ, ಕೆಲಸ ಹೋದದ್ದು ಸುಳ್ಳು. ಹಾಗೆ ಕೂರುವುದೇ ಅವಳ ಕೆಲಸ.

ಸಲಹಾ ಸಂಸ್ಥೆಯೊಂದರ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಅವಳು ಯುಎಕ್ಸ್ ಡಿಸೈನರ್. ಆ್ಯಪ್ ಬಳಸುವವರು ಎಲ್ಲಿ ತಡವರಿಸುತ್ತಾರೆಂದು ಗಮನಿಸಿ, ಅದನ್ನು ಅವರ ದಡ್ಡತನವೆನ್ನದೆ ವಿನ್ಯಾಸದ ದೋಷವೆಂದು ತಿದ್ದುವ ವೃತ್ತಿ ಅದು. ನಿವೃತ್ತ ಗುಮಾಸ್ತರಾದ ಅವಳ ತಂದೆ ಚೆನ್ನಕೇಶವ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು: "ಜನ ಎಡವೋದನ್ನ ನೋಡೋಕೆ ನಿನಗೆ ಸಂಬಳ ಅನ್ನು ಮಗಳೇ."

ಶಿಡ್ಲಘಟ್ಟದ ರೀಲರುಗಳ, ಅಂದರೆ ನೂಲು ತೆಗೆಯುವವರ, ಸಂಘವೊಂದು ಆ ಸಂಸ್ಥೆಯಿಂದ ರೇಷ್ಮೆಗೂಡಿನ ಹರಾಜಿನ ಆ್ಯಪ್ ಮಾಡಿಸುತ್ತಿತ್ತು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡನ್ನು ಹಿಡಿಯಲ್ಲಿ ಅಲುಗಿಸಿ, ಒಳಗಿನ ಸದ್ದಿನಿಂದ ಗುಣ ತಿಳಿದು ಬಂದವರು, ಆಮೇಲೆ ಗೂಡು ಬೇಯಿಸುವ ತಮ್ಮ ಒಲೆಯ ಮುಂದಿನಿಂದಲೇ ಬೆಲೆ ಕೂಗಬಹುದಿತ್ತು. ಇದಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದವರು ಲಕ್ಷ್ಮೀನರಸಮ್ಮ. ನೂಲು ತೆಗೆಯುವ ಘಟಕ ನಡೆಸುತ್ತಿದ್ದುದು ಅವರು. ಹರಾಜಿನ ಹೊತ್ತಿಗೆ ಒಲೆ ಬಿಟ್ಟು ಹೋಗಲಾಗದ ಅವರ ಪರವಾಗಿ ಹರಾಜು ಕೂಗುತ್ತಿದ್ದುದು ಮೈದುನ ಕೋನಪ್ಪ. ಅವನು ಆರಿಸಿದ ಗೂಡಿಗೆ ಇವರು ನೂಲು ತೆಗೆಯಬೇಕಿತ್ತು.

ಶರ್ವಾಣಿ ಲಕ್ಷ್ಮೀನರಸಮ್ಮನವರೂ ಸೇರಿ ಎಂಟು ರೀಲರುಗಳನ್ನು ಕಚೇರಿಗೆ ಕರೆಸಿ ಆ್ಯಪನ್ನು ಪರೀಕ್ಷಿಸಿದ್ದಳು. ಒಬ್ಬರೂ ತಡವರಿಸಲಿಲ್ಲ. ಆದರೆ ಪ್ರಾಯೋಗಿಕ ಹರಾಜಿನ ಮೊದಲ ದಿನವೇ ಲಕ್ಷ್ಮೀನರಸಮ್ಮನವರ ಬೆರಳಚ್ಚನ್ನು ಫೋನ್ ಒಪ್ಪಲಿಲ್ಲ. ಅಂಕಿ ಒತ್ತಲು ಹೋದರೆ ಒದ್ದೆ ಪರದೆಯ ಮೇಲೆ ಬೇರೆಯೇ ಅಂಕಿ ಮೂಡಿತು. ಗೂಡು ಕೈತಪ್ಪಿತು.

"ಅತ್ತಿಗೆ, ಆ ಫೋನು ಇತ್ತ ಕೊಡು. ನಿನ್ನ ಬೆರಳಿಗಿಂತ ನನ್ನ ಬಾಯೇ ವಾಸಿ," ಎಂದು ಕೋನಪ್ಪ ನಕ್ಕ.

"ನಿನ್ನ ಬಾಯಿ ತಂದ ಗೂಡು ನೋಡಿದೀನಿ ಕಣಪ್ಪ, ಅರ್ಧ ಜಾಳು, ಎಳೆಯೇ ಬರಲ್ಲ," ಎಂದರು ಅವರು. ಆದರೂ ಫೋನ್ ಕೊಟ್ಟರು.

ಮರುದಿನದಿಂದ ಶರ್ವಾಣಿ ಲಕ್ಷ್ಮೀನರಸಮ್ಮನವರ ಒಲೆಯ ಬಳಿ ಮಣೆ ಹಾಕಿದಳು. ಬಿಸಿನೀರಿನಲ್ಲಿ ದಿನವಿಡೀ ಎಳೆ ಹುಡುಕುವ ಅವರ ಬೆರಳುಗಳ ತುದಿ ಸುಕ್ಕಾಗಿ, ಗೆರೆಗಳೇ ಮಾಸಿದ್ದವು.

"ನಮ್ಮ ಆಫೀಸಲ್ಲಿ ಹೇಗೆ ಸರಿಹೋಯ್ತಮ್ಮ?" ಎಂದು ಶರ್ವಾಣಿ ಕೇಳಿದಳು.

"ದೊಡ್ಡ ಆಫೀಸು, ಕರೆದಿದ್ರಿ. ಹಾಗೇ ಬರಕ್ಕಾಯ್ತದಾ? ಎರಡು ದಿನ ಒಲೆ ಹಚ್ಚದೆ, ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಒಳ್ಳೆ ಸೀರೆ ಉಟ್ಟು ಬಂದಿದ್ವಿ."

ಅತಿಥಿಗಳಾಗಿ ಬಂದವರನ್ನು ಕೆಲಸಗಾರರೆಂದು ನಂಬಿದ್ದೇ ತನ್ನ ತಪ್ಪೆಂದು ಅವಳಿಗೆ ಆಗ ತಿಳಿಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲದೊಳಗಿದ್ದ ಫೋನ್ ರಿಂಗಾಯಿತು. ಲಕ್ಷ್ಮೀನರಸಮ್ಮ ಒದ್ದೆ ಬೆರಳಲ್ಲೇ, ಚೀಲದ ಮೇಲಿಂದಲೇ ಫೋನಿನ ಅಂಚಿನ ಗುಂಡಿಯೊತ್ತಿ ಸದ್ದಡಗಿಸಿದರು. ಶರ್ವಾಣಿ ಅದನ್ನು ಮತ್ತೊಮ್ಮೆ ಮಾಡಿಸಿ ನೋಡಿದಳು.

ಸಂಘಕ್ಕೆ ಆ್ಯಪ್ ಒಪ್ಪಿಸಲು ಒಂಬತ್ತು ದಿನವಷ್ಟೇ ಉಳಿದಿತ್ತು. ಯೋಜನೆಯ ಮುಖ್ಯಸ್ಥ ಗಣೇಶ್ ಪ್ರಸಾದ್, ಗುಂಡಿಯೊತ್ತಿ ಬೆಲೆ ಕೂಗುವ ಬದಲಾವಣೆಗೆ ಒಪ್ಪಲಿಲ್ಲ: "ಕೈ ಒರೆಸಿಕೊಂಡು ಒತ್ತಲಿ ಬಿಡಮ್ಮ. ಟೆಸ್ಟ್ ಪಾಸಾಗಿದೆಯಲ್ಲ?"

ಶರ್ವಾಣಿ ಸಭೆಯ ಮೇಜಿನ ಮೇಲೆ ಬಿಸಿನೀರಿನ ಪಾತ್ರೆ ಇಟ್ಟಳು. "ಸರ್, ಸಭೆ ಮುಗಿಯೋವರೆಗೂ ಬಲಗೈ ಇದರಲ್ಲಿರಲಿ."

"ಏನಿದು, ಯಾವ ಶಾಸ್ತ್ರ?"

"ಲಕ್ಷ್ಮೀನರಸಮ್ಮೋರು ದಿನಾ ಮಾಡೋ ಶಾಸ್ತ್ರ, ಸರ್."

ಅರ್ಧ ಗಂಟೆಯ ನಂತರ ಅವರು ಕೈ ಒರೆಸಿಕೊಂಡೇ ಒತ್ತಿದರು. ಸ್ವಂತ ಫೋನ್ ಅವರನ್ನು ಮೂರು ಸಲ ನಿರಾಕರಿಸಿತು. ನಾಲ್ಕನೆಯದಕ್ಕೆ ಅವರೇ ನಕ್ಕು, ಒಂಬತ್ತು ದಿನಕ್ಕೆ ಇನ್ನೊಂದು ವಾರ ಸೇರಿಸಿದರು.

ಈಗ ಬೆಳಿಗ್ಗೆ, ಕೈ ಒಣಗಿರುವಾಗ, ಒಮ್ಮೆ ತೆರೆದ ಆ್ಯಪ್ ಹರಾಜು ಮುಗಿಯುವವರೆಗೂ ತೆರೆದೇ ಇರುತ್ತದೆ. ಫೋನಿನ ಅಂಚಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಬೆಲೆ ಒಂದು ರೂಪಾಯಿ ಏರುತ್ತದೆ. ಲಕ್ಷ್ಮೀನರಸಮ್ಮ ತಾವೇ ಆರಿಸಿದ ಗೂಡನ್ನು ತಮ್ಮ ಹೆಸರಿನಲ್ಲೇ ಕೂಗುತ್ತಾರೆ. ಕೋನಪ್ಪ ಮೂಟೆ ತರಲು ಹೋಗುತ್ತಾನೆ. ಶರ್ವಾಣಿಯ ಕೆಲಸ ಹೋಗಿಲ್ಲ. ಮಂಗಳವಾರ ಮತ್ತು ಗುರುವಾರ ಅವಳು ಶಿಡ್ಲಘಟ್ಟದಲ್ಲಿ ಮಣೆಯ ಮೇಲೆ ಕೂತಿರುತ್ತಾಳೆ.