ಓಝೆಲ್‌ನ ತಡವಾದ ಚಪ್ಪಾಳೆ

ಅಮೆರಿಕದ ಮೆಂಫಿಸ್ ಊರಿನ ಓಝೆಲ್ ಟಿಸ್‌ಡೇಲ್, ಚರ್ಚಿನ ಹಾಡುಗಳಿಂದ ಹುಟ್ಟಿದ 'ಸೋಲ್' ಸಂಗೀತವನ್ನು ಬೇರೆಯವರಿಂದ ಹಾಡಿಸಿ, ನಾಲ್ಕು ನೂರು ರೆಕಾರ್ಡು ಮಾಡಿಸಿ ತೀರಿಕೊಂಡ. ಪ್ರತಿಯೊಂದರಲ್ಲೂ ತಾನೇ ಚಪ್ಪಾಳೆ ತಟ್ಟುತ್ತಿದ್ದ, ಯಾವಾಗಲೂ ಕೂದಲೆಳೆಯಷ್ಟು ತಡವಾಗಿ. ಹಾಡುವವರೆಲ್ಲ ಅವನ ಚರ್ಚಿನವರೇ. ಮರ್ಯಾದೆಗೆಂದು ತಾವೂ ತಡವಾಗಿ ತಟ್ಟಿದರು, ಚರ್ಚಿನಲ್ಲೂ ಅದೇ ರೂಢಿಯಾಯಿತು.

ಅವನ ನೆನಪಿನ ಭಾನುವಾರಕ್ಕೆ ಚರ್ಚಿನಲ್ಲಿ ಹಾಡಿನ ತಾಲೀಮು ನಡೆದಿತ್ತು. ಹೊಸದಾಗಿ ಬಂದ ಸಂಗೀತದ ಮೇಷ್ಟ್ರು ಡೆಲ್ವಿನ್ ಹಾಡು ನಿಲ್ಲಿಸಿ, ಮುಂದಿನ ಸಾಲಿನಲ್ಲಿದ್ದ ಓಝೆಲ್‌ನ ಹೆಂಡತಿ ವರ್ಲೀನ್‌ಳತ್ತ ತಿರುಗಿದ.

"ಚಪ್ಪಾಳೆ ತಡವಾಗಿ ಬೀಳ್ತಿದೆ ಸಿಸ್ಟರ್ ವರ್ಲೀನ್. ಇವತ್ತೇ ತಿದ್ದಿಬಿಡೋಣ."

ವರ್ಲೀನ್ ಹಾಡಿನ ಪುಸ್ತಕ ಮುಚ್ಚಿದಳು. ಹಾಡುಗಳು ಹಾಡಿದವರ ಹೆಸರಲ್ಲಿ ಉಳಿದಿದ್ದವು. ತನ್ನ ಗಂಡನದೆಂದು ಉಳಿದಿದ್ದು ಆ ತಪ್ಪೊಂದೇ.

"ನಲವತ್ತು ವರ್ಷ ತಿದ್ದಿ ನಾನೇ ಸೋತೆ ಕಣಪ್ಪಾ," ಎಂದಳು. "ನೀನೂ ಒಂದು ಕೈ ನೋಡು."

ಡೆಲ್ವಿನ್ ತಾಳ ಎಣಿಸಿ ತಾನೂ ಚಪ್ಪಾಳೆ ತಟ್ಟಿದ. ಅರವತ್ತು ಜನರ ಚಪ್ಪಾಳೆ ಒಟ್ಟಿಗೇ ತಡವಾಗಿ ಬಿತ್ತು. ಮತ್ತೆ ಎಣಿಸಿದ, ಮತ್ತೆ ತಡ. ಮೂರನೆಯ ಸಲ ಅವನ ಕೈಗಳೇ ಅವರಿಗಾಗಿ ಕಾದು, ಅವರ ಜೊತೆಗೇ ಬಿದ್ದವು.

"ಹಾಂ, ಈಗ ನೀನು ಕಲಿತೆ," ಎಂದಳು ವರ್ಲೀನ್.