ಅಕ್ಕ ನಂಬಿದ ಚಂದ್ರ

ಮನುಷ್ಯ ಚಂದ್ರನ ಮೇಲೆ ಹೋಗಿದ್ದು ನನ್ನ ಅಕ್ಕನ ಲೆಕ್ಕದಲ್ಲಿ ಹಸೀ ಸುಳ್ಳು. ಅವಳ ತಮ್ಮನಾದ ನಾನು ಮಾನ್ವಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ರಾಯಚೂರಿನ ನನ್ನ ಮನೆಯಲ್ಲೇ ಕೂತು, ನಾನು ತಂದ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಾ, "ಯಾರೂ ಹೋಗಿಲ್ಲ, ಏನೂ ಇಲ್ಲ, ಎಲ್ಲಾ ಸಿನಿಮಾ ತಗದಾರ" ಎಂದು ಅವಳು ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ಮಕ್ಕಳಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಎಪ್ಪತ್ತು ದಾಟಿದ ಅಕ್ಕನನ್ನು ಯಾವ ಬೆಂಚಿನ ಮೇಲೆ ನಿಲ್ಲಿಸುವುದು?

ಈ ಜ್ಞಾನವೆಲ್ಲ ಅವಳಿಗೆ ಬರುತ್ತಿದ್ದದ್ದು ದೇವದುರ್ಗದಿಂದ. ಅಲ್ಲಿ ಅವಳ ಮಗಳ ಗಂಡ, ಅಂದರೆ ನಮ್ಮ ಅಳಿಯ, ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಂಗಾರದಂಥ ಹುಡುಗ, ಮಾತು ಮಾತ್ರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಕೆಲಸವಿಲ್ಲದಾಗ ಮೊಬೈಲಿಗೆ ಬಂದ ವಿಡಿಯೋಗಳನ್ನೆಲ್ಲ ಅತ್ತೆಗೆ ದಾಟಿಸುತ್ತಾನೆ. ಅಕ್ಕ ಅವುಗಳನ್ನು ನೋಡಿ ನನ್ನ ಮೇಲೆ ಬೀಳುತ್ತಾಳೆ.

"ಲೇ ತಮ್ಮಾ, ಅಲ್ಲಿ ಗಾಳಿನ ಇಲ್ಲಂತ. ಮತ್ತ ಝಂಡಾ ಹೆಂಗ ಅಳ್ಳಾಡ್ತದ?"

"ಅಳ್ಳಾಡೂದಿಲ್ಲ ಯಕ್ಕಾ. ಮ್ಯಾಲೊಂದು ಅಡ್ಡಕೋಲು ಹಾಕ್ಯಾರ. ಮಡಚಿ ಒಯ್ದ ಬಟ್ಟಿ, ಮುದುರಿದ್ದು ಹಂಗ ಉಳದದ."

"ಕೋಲು ಹಾಕಿದ್ದು ನೀ ನೋಡಿಯೇನು?"

"ನಾ ಹೆಂಗ ನೋಡ್ಲಿ?"

"ಮತ್ತ?"

ಈ "ಮತ್ತ" ಎಂಬುದಕ್ಕೆ ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಆ ಫೋಟೋಗಳ ಆಕಾಶದಲ್ಲಿ ನಕ್ಷತ್ರ ಯಾಕಿಲ್ಲ ಎಂದಳು. ಬಿಸಿಲಲ್ಲಿ ಹೊಳೆಯುವ ನೆಲಕ್ಕೆ ಕ್ಯಾಮೆರಾ ಹೊಂದಿಸಿದರೆ ಮಿಣುಕು ನಕ್ಷತ್ರ ಅದರಲ್ಲಿ ಬೀಳುವುದಿಲ್ಲ ಎಂದು ಬಾಯಿ ನೋಯುವಷ್ಟು ಹೇಳಿದೆ. ಅಕ್ಕ ಭಜಿಯ ಮೆಣಸಿನಕಾಯಿ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು, "ಮಾತಿನ್ಯಾಗ ನೀ ಶಾಣ್ಯಾ ಅದಿ ಬಿಡಪ್ಪಾ" ಎಂದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ನಗುವುದು ಕೇಳಿಸಿತು.

ಒಂದು ಭಾನುವಾರ ನಾನು ಹಟಕ್ಕೆ ಬಿದ್ದೆ. ಚಂದ್ರನ ಸುತ್ತ ತಿರುಗುವ ನೌಕೆಗಳು ಮೇಲಿನಿಂದ ತೆಗೆದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅವಳ ಮುಂದಿಟ್ಟೆ. ಒಲೆಯ ಬೂದಿ ಹರವಿದಂಥ ನೆಲ, ಅಲ್ಲಲ್ಲಿ ಕುಳಿ, ನಡುವೆ ಒಂದು ಬಿಳಿ ಚುಕ್ಕಿ, ಅದರ ಪಕ್ಕಕ್ಕೆ ಉದ್ದ ನೆರಳು. ಇಳಿದವರು ಬಿಟ್ಟುಬಂದ ಯಂತ್ರದ ಕೆಳಭಾಗ ಅದು. ಅಲ್ಲಿಂದ ಹೊರಟು, ತಿರುಗಿ, ಇನ್ನೊಂದು ಕಡೆಗೆ ಹೋದ ಸಣ್ಣ ಕಪ್ಪು ಗೆರೆಗಳು.

"ಈ ಗೆರಿ ನೋಡು. ಅವರು ಅಡ್ಡಾಡಿದ್ದು. ಅಲ್ಲಿ ಗಾಳಿ ಇಲ್ಲ, ಮಳಿ ಇಲ್ಲ, ಅಳಿಸಾವರಿಲ್ಲ. ಇಷ್ಟು ವರ್ಷ ಆದ್ರೂ ಹಂಗ ಅದಾವ."

ಅಕ್ಕ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಹೊಲದಾಗ ಕಾಲುದಾರಿ ಬಿದ್ದಂಗ ಅದ" ಎಂದಳು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಹಿಂದಕ್ಕೆ ಸರಿದು ಕೂತಳು. "ಈ ಫೋಟೋ ತಗದವರು ಯಾರು? ಹೋಗೇವಿ ಅಂದವರ ಹೌದಿಲ್ಲೋ? ಅವರ ಹೇಳಿ, ಅವರ ತೋರಿಸಿದ್ರ ನಾ ನಂಬಬೇಕೇನು?"

"ನಮ್ಮ ದೇಶದ ನೌಕೀನೂ ಅದ ಜಾಗದ ಫೋಟೋ ತಗದದ ಯಕ್ಕಾ!"

ಇದಕ್ಕೆ ಮಾತ್ರ ಅವಳು ಸ್ವಲ್ಪ ಮೆತ್ತಗಾದಳು. ನಮ್ಮ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ಟೀವಿ ಮುಂದೆ ಕೈ ಮುಗಿದು ಕೂತಿದ್ದವಳು ಅವಳು. ಅದನ್ನವಳು ಸಂಶಯವಿಲ್ಲದೆ ನಂಬುತ್ತಾಳೆ. ಕಾರಣ ಕೇಳಿದರೆ, "ಅಲ್ಲಿ ಹೆಣ್ಮಕ್ಳು ಸೀರಿ ಉಟ್ಕೊಂಡು, ಹಣೀಗೆ ಕುಂಕುಮ ಇಟ್ಕೊಂಡು ಚಪ್ಪಾಳಿ ಹೊಡೀಲಿಲ್ಲೇನು? ಅಂಥವರು ಸುಳ್ಳು ಹೇಳ್ತಾರೇನು?" ಎನ್ನುತ್ತಾಳೆ. ಇಂಥ ಪುರಾವೆಯ ಮುಂದೆ ನನ್ನ ಬಿಳಿ ಚುಕ್ಕಿ ಎಷ್ಟರದ್ದು? "ವಿಚಾರ ಮಾಡ್ತೀನಿ" ಎಂದು ಹೇಳಿ ಎದ್ದು ಹೋದಳು.

ಅವ್ವ ತೀರಿಕೊಂಡಾಗ ನನಗಿನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅಕ್ಕ ಆಗ ಲಂಗ ತೊಡುವ ಹುಡುಗಿ. ಮಾನ್ವಿಯ ಮಣ್ಣಿನ ಮಾಳಿಗೆ ಮನೆಯಲ್ಲಿ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳು ರೊಟ್ಟಿ ಬಡಿಯುತ್ತಿದ್ದಳಂತೆ. ಊಟಕ್ಕೆ ನಾನು ಬಹಳ ಕಾಡುತ್ತಿದ್ದೆನಂತೆ. ಮಾಳಿಗೆ ಮೇಲೆ ಕರೆದೊಯ್ದು ಚಂದಪ್ಪನನ್ನು ತೋರಿಸಿದರಷ್ಟೇ ಬಾಯಿ ತೆರೆಯುತ್ತಿದ್ದೆನಂತೆ. ಆಮೇಲೆ ಅವಳನ್ನು ದೇವದುರ್ಗಕ್ಕೆ ಕೊಟ್ಟರು. ಗಂಡ ಹೋದ ಮೇಲೆ ಮಗಳ ಜೊತೆಗಿದ್ದಳು. ನನಗೆ ಹೃದಯದ ಆಪರೇಷನ್ ಆದಾಗ ಎಂಟು ದಿನಕ್ಕೆಂದು ರಾಯಚೂರಿಗೆ ಬಂದವಳು ಇಲ್ಲೇ ಉಳಿದಳು. ನನಗೂ ಅದೇ ಬೇಕಿತ್ತು.

ನಾನು ಆಪರೇಷನ್ ಕೋಣೆಯೊಳಗಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ಅಕ್ಕ ಒಂದು ಹರಕೆ ಹೊತ್ತಿದ್ದಳು. ತಮ್ಮ ಉಳಿದರೆ ಇರುವಷ್ಟು ದಿನ ಸಂಕಷ್ಟಿ ಹಿಡಿಯುತ್ತೇನೆ ಎಂದು. ಹುಣ್ಣಿಮೆ ಕಳೆದ ಚೌತಿಯ ದಿನ ಹಗಲೆಲ್ಲ ಉಪವಾಸ, ಚಂದ್ರನನ್ನು ಕಂಡ ಮೇಲೆ ಊಟ. ಮೋಡವಿದ್ದರೆ ಉಳಿದವರು ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ನೋಡಿ ಆ ದಿಕ್ಕಿಗೆ ಕೈ ಮುಗಿದು ಉಣ್ಣುತ್ತಾರೆ. ಅಕ್ಕ ಕೇಳಬೇಕಲ್ಲ! ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಒಮ್ಮೆ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದಳು. ಡಾಕ್ಟರು ಉಪವಾಸ ಬೇಡವೇ ಬೇಡ ಅಂದರು. "ಅವರಿಗೇನು ಗೊತ್ತು" ಅಂದಳು. ನಾನು ಬೈದೆ, ಅಂಗಲಾಚಿದೆ. ನನಗಾಗಿ ಹಿಡಿದ ಉಪವಾಸವನ್ನು ಬಿಡಿಸುವ ದಾರಿ ನನಗೇ ತಿಳಿಯಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಸಂಕಷ್ಟಿಯ ದಿನ ಮುಂಜಾನೆಯಿಂದಲೇ ಮುಗಿಲು ಕಪ್ಪಾಗಿತ್ತು. ನಮ್ಮ ಮಾಳಿಗೆಯಿಂದ ಕಾಣುವ ಕೋಟೆ ಬೆಟ್ಟವೂ ಮಬ್ಬಿನಲ್ಲಿ ಮುಚ್ಚಿಹೋಗಿತ್ತು. ಹೆಂಡತಿ ಕಡುಬು ಮಾಡಿ ಮುಚ್ಚಿಟ್ಟಿದ್ದಳು. ಚಂದ್ರೋದಯದ ಹೊತ್ತು ಬಂತು, ಮೀರಿತು. ಅಕ್ಕ ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಮೂಡಲಕ್ಕೆ ಮುಖ ಮಾಡಿ ಕೂತಿದ್ದಳು. ತಂಪು ಗಾಳಿ ಬೀಸುತ್ತಿದ್ದರೂ ಅವಳ ಹಣೆಯಲ್ಲಿ ಬೆವರು. ಕೈ ಹಿಡಿದು ನೋಡಿದರೆ ಬೆರಳು ಗಡಗಡ ನಡುಗುತ್ತಿದ್ದವು. ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಇಳಿಯತೊಡಗಿತ್ತು.

"ಯಕ್ಕಾ, ಒಂದು ಚಮಚ ಸಕ್ರಿ ಬಾಯಾಗ ಹಾಕ್ಕೋ. ಕೈ ಮುಗೀತೀನಿ."

"ಚಂದ್ರನ್ನ ನೋಡ್ಲಾರದ ಹನಿ ನೀರೂ ಇಲ್ಲ."

"ಅವ ಮೋಡದ ಹಿಂದ ಅದಾನ! ಎಲ್ಲಿ ಹೊಕ್ಕಾನ?"

"ಅದಾನಂದ್ರ ಬರ್ತಾನ ತಗೋ. ನೀ ಯಾಕ ಒದರ್ತಿ? ನಿನ್ನ ಎದಿಗೆ ಚೊಲೋ ಅಲ್ಲ."

ನನಗೆ ಅಳು ಬರುವಂತಾಯಿತು. ಬೇರೇನೂ ಹೊಳೆಯದೆ ಮೊಬೈಲ್ ತೆಗೆದು, ನೌಕೆಗಳು ತೆಗೆದ ಅವೇ ಚಿತ್ರಗಳಲ್ಲಿ ಒಂದನ್ನು ಅವಳ ಕಣ್ಣೆದುರು ಹಿಡಿದೆ. "ನೋಡು, ಇವನ ಚಂದ್ರ. ಇಷ್ಟು ಸನೇದಿಂದ ನಿನ್ನ ಪಂಚಾಂಗದವರೂ ನೋಡಿಲ್ಲ. ಕೈ ಮುಗಿ, ಉಣ್ಣು."

ಆ ನಿತ್ರಾಣದಲ್ಲೂ ಅವಳ ನಾಲಿಗೆ ಚುರುಕಾಗಿತ್ತು. "ಇದು ಯಾವತ್ತು ತಗದದ್ದು?"

"ಯಾವತ್ತೋ ತಗದದ್ದು."

"ಎಂದೋ ಕಟ್ಟಿದ ಬುತ್ತಿ ತೋರಿಸಿ ಇವತ್ತು ಉಣ್ಣು ಅಂತಿಯಲ್ಲೋ. ನನಗ ಇವತ್ತಿನ ಚೌತಿ ಚಂದ್ರ ಬೇಕು."

ಮೆಟ್ಟಿಲ ಬಳಿ ಬಂದು ದೇವದುರ್ಗಕ್ಕೆ ಫೋನು ಹಚ್ಚಿದೆ. ಎತ್ತಿದವಳು ಅಕ್ಕನ ಮಗಳು. ಅಲ್ಲಾದರೂ ಮುಗಿಲು ತೆರೆದಿದ್ದರೆ ವಿಡಿಯೋ ಕಾಲಿನಲ್ಲಿ ಚಂದ್ರನನ್ನು ತೋರಿಸಲಿ ಎಂಬ ಆಸೆ ನನ್ನದು.

"ಇಲ್ಲಿ ಧೋ ಅಂತ ಮಳಿ ಹಚ್ಚದ ಮಾಮಾ" ಎಂದಳು. ಆಮೇಲೆ, "ಯವ್ವಂದು ಸಕ್ರಿ ಎಷ್ಟದ?" ಎಂದು ಕೇಳಿದಳು. ಹೇಳಿದೆ. ಅವಳು ಗಂಡನನ್ನು ಕೂಗಿ ಏನೋ ಹೇಳಿ ಮತ್ತೆ ಫೋನಿಗೆ ಬಂದಳು. "ನಾನ ವಿಡಿಯೋ ಕಾಲ್ ಮಾಡ್ತೀನ್ರಿ. ನಾ ಏನು ತೋರಿಸಿದ್ರೂ ನೀವು ಹೂಂ ಅನ್ರಿ, ಸಾಕು."

ಜೀವಮಾನವೆಲ್ಲ ಪುರಾವೆ, ಪುರಾವೆ ಎಂದು ಮಕ್ಕಳ ತಲೆ ತಿಂದ ನಾನು ಕತ್ತಲಲ್ಲಿ ನಿಂತು "ಹೂಂ" ಅಂದೆ. ಕೆಳಗಿಳಿದು ಹೆಂಡತಿಗೂ ಹೇಳಿ ಅವಳನ್ನೂ ಮೇಲೆ ಕರೆತಂದೆ.

ಕಾಲ್ ಬಂತು. ಪರದೆಯೆಲ್ಲ ಕತ್ತಲು. "ಯವ್ವಾ, ನಮ್ಮ ಕಡಿ ಮೋಡ ಸರದದ, ಲಗೂನ ನೋಡಬೇ" ಎಂಬ ದನಿ. ಕತ್ತಲಲ್ಲಿ ಚಂದ್ರ ಮೂಡಿದ. ಮಂಕು ಬಿಳುಪು, ಮೈಮೇಲೆ ಕಂದು ಕಲೆಗಳು, ಚೌತಿಯ ಚಂದ್ರನಿಗೆ ಇರಬೇಕಾದಂತೆ ಒಂದು ಪಕ್ಕ ಸವೆದಿತ್ತು. ಎರಡು ಗಳಿಗೆ ನಾನೇ ಬೆರಗಾದೆ. ಆಮೇಲೆ ಚಂದ್ರ ಸ್ವಲ್ಪ ಅಲುಗಾಡಿದ, ಅಂಚಿನಿಂದ ಒಂದು ಚೂರು ಉದುರಿ ಕೆಳಗೆ ಬಿತ್ತು.

ಅದು ಖಡಕ್ ಜೋಳದ ರೊಟ್ಟಿ! ಒಂದು ಅಂಚು ಮುರಿದು, ಕರೀ ಕಂಬಳಿಯ ಮುಂದೆ ಹಿಡಿದು ಬ್ಯಾಟರಿ ಬಿಟ್ಟಿದ್ದರು. ರೊಟ್ಟಿ ಹಿಡಿದವನು ಅಳಿಯ, ನಗು ತಡೆಯಲಾರದೆ ಅವನ ಕೈ ಅಲುಗುತ್ತಿತ್ತು. ಫೋನಿನಲ್ಲಿ ಮಳೆಯ ಸದ್ದು ಕೇಳೀತೆಂದು ನಾನು ಜೋರಾಗಿ ಕೆಮ್ಮಿದೆ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದಳು.

ಅಕ್ಕ ಬಹಳ ಹೊತ್ತು ನೋಡಿದಳು. ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು, ಮತ್ತೆ ಫೋನು ನೋಡಿದಳು.

"ಖರೇನ ಮೂಡ್ಯಾನೇನಬೇ?" ಎಂದು ಮಗಳನ್ನು ಕೇಳಿದಳು.

"ಹೂಂ ಯವ್ವಾ. ನೀ ಮೊದಲು ಉಣ್ಣು."

"ಹೌದೇನೋ ತಮ್ಮಾ?"

"ಹೂಂ ಯಕ್ಕಾ" ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಅಕ್ಕ ಕೈ ಮುಗಿದಳು. ಮುಗಿಲಿನ ಕಡೆ ಅಕ್ಷತೆ ಹಾಕಿ, ನೀರು ಬಿಟ್ಟು, "ಎಡಿ ಮಾಡವ್ವಾ" ಎಂದು ನನ್ನ ಹೆಂಡತಿಗೆ ಹೇಳಿದಳು. ಅಲ್ಲೇ ಕುರ್ಚಿಯಲ್ಲಿ ಕೂತು ಮೊದಲು ಬೆಲ್ಲದ ಕಡುಬು ತಿಂದಳು, ಆಮೇಲೆ ಅನ್ನ ಸಾರು. ನಡುಕ ನಿಂತು ಮುಖಕ್ಕೆ ಕಳೆ ಬರುವ ತನಕ ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ. ಅವಳು ಉಣ್ಣುವುದನ್ನು ನೋಡಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಬೆಳಗ್ಗೆ ಎದ್ದು ಮೊಬೈಲ್ ನೋಡಿದೆ. ನಮ್ಮ ಮನೆಯವರ ಗ್ರೂಪಿನಲ್ಲಿ ಅಳಿಯ ಹಾಕಿದ ಫೋಟೋ. ತಟ್ಟೆಯಲ್ಲಿ ಅರ್ಧ ರೊಟ್ಟಿ, ಪಕ್ಕದಲ್ಲಿ ಬ್ಯಾಟರಿ, ಕೆಳಗೆ ಬರಹ: "ರಾತ್ರಿ ಚಂದ್ರನ್ನ ಶೇಂಗಾ ಚಟ್ನಿ ಕೂಡ ತಿಂದೆ." ಕೂಡಲೇ ಫೋನು ಮಾಡಿ, "ತಲಿ ಅದ ಏನಪಾ ನಿನಗ?" ಎಂದು ಕೂಗಿದೆ.

"ತಪ್ಪಾತ್ರಿ ಮಾವಾರ. ನಿಮಗೊಬ್ಬರಿಗೇ ಕಳಸಬೇಕಂತಿದ್ದೆ, ಗ್ರೂಪಿಗೆ ಹೋಗಿಬಿಡ್ತು. ಅತ್ತಿಯವರು ನೋಡಿರ್ಲಿಕ್ಕಿಲ್ಲ ಬಿಡ್ರಿ."

ಅತ್ತೆಯವರು ಎದ್ದ ಕೂಡಲೇ ದೇವರ ಫೋಟೋಕ್ಕಿಂತ ಮೊದಲು ನೋಡುವುದು ಆ ಗ್ರೂಪನ್ನೇ. ಸುಳ್ಳು ಚಂದ್ರನನ್ನು ನೋಡಿ ಹರಕೆ ಕೆಟ್ಟಿತು, ತಮ್ಮನ ಜೀವಕ್ಕೆ ಕುತ್ತು ಬಂತು ಅಂದುಕೊಂಡು ಇನ್ನೇನು ಕಠಿಣ ಉಪವಾಸ ಹಿಡಿಯುತ್ತಾಳೋ! ಹೆದರುತ್ತಲೇ ಅವಳ ಕೋಣೆಗೆ ಹೋದೆ. ಅಕ್ಕ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮೊಬೈಲು ಮಡಿಲಲ್ಲಿತ್ತು.

"ಬಾ, ಕುಂದ್ರು" ಎಂದಳು. "ನಾ ವಿಚಾರ ಮಾಡಿದೆ. ಅವರು ಚಂದ್ರನ ಮ್ಯಾಲ ಹೋಗಿದ್ದು ಖರೇನ ಇರಬೇಕು ಬಿಡು."

"ಅದು ಹೆಂಗ ಯಕ್ಕಾ?" ಎಂದೆ.

"ನಾಕು ಮಂದಿ ಕೂಡಿ ಒಂದು ರೊಟ್ಟಿ ಸುಳ್ಳು ಹೇಳಿದ್ರಿ. ಮುಂಜಾನಿತನ ಮುಚ್ಚಿಡಾಕ ಆಗ್ಲಿಲ್ಲ ನಿಮಗ. ಅಲ್ಲಿ ಸಾವಿರಗಟ್ಲೆ ಮಂದಿ ದುಡದಾರಂತ ನೀನ ಹೇಳ್ತಿ. ಅವರಾಗ ಒಬ್ಬರಿಗ್ಯಾದ್ರೂ ಇಂಥಾ ಅಳಿಯ ಇರ್ತಿದ್ದಿಲ್ಲೇನು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಕ್ಕಳು. ನಗು ಇಳಿದ ಮೇಲೆ ಅಂಜುತ್ತಲೇ ಕೇಳಿದೆ. "ಹರಕಿ ಮುರೀತು ಅಂತ ಸಿಟ್ಟಿಲ್ಲೇನು ಯಕ್ಕಾ?"

"ಯಾತರ ಸಿಟ್ಟು? ನೋಡಿದ ಕೂಡ್ಲೆ ಗೊತ್ತಾತು, ರೊಟ್ಟಿ ಅಂತ."

"ಗೊತ್ತಾತು? ಹೆಂಗ?"

"ಅದನ್ನ ನನ್ನ ಮಗಳಿಗೆ ಕಲಿಸಿದಾಕಿ ನಾನ. ಅಕಿ ಸಣ್ಣಾಕಿದ್ದಾಗ ಅಕಿಗೂ ಹಂಗ ಉಣಿಸೀನಿ, ಅಕಿಗಿಂತ ಮೊದಲು ನಿನಗ ಉಣಿಸೀನಿ. ಮಾನ್ವ್ಯಾಗ ಮಳಿಗಾಲದಾಗ ಚಂದಪ್ಪ ಎಲ್ಲಿ ಕಾಣ್ತಿದ್ದ? ನೀ ನೋಡಿದ್ರ ಬಾಯಿ ಬಿಗಿಹಿಡದು ಕುಂದ್ರತಿದ್ದಿ. ಚಿಮಣಿ ಬೆಳಕಿಗೆ ರೊಟ್ಟಿ ಹಿಡದು, ಅಕಾ ನೋಡು, ಚಂದಪ್ಪ ಬಂದ ಅಂತಿದ್ದೆ."

ನನಗದು ನೆನಪಿರಲಿಲ್ಲ. "ನಾ ನಂಬತಿದ್ನೇನು?" ಎಂದು ಕೇಳಿದೆ.

ಅಕ್ಕ ಚಹಾದ ಕಪ್ಪು ಕೆಳಗಿಟ್ಟಳು.

"ಯಾರಿಗ್ಗೊತ್ತೋ ಯಪ್ಪಾ. ರೊಟ್ಟಿ ನೋಡ್ತಿದ್ದಿ, ನನ್ನ ಮಾರಿ ನೋಡ್ತಿದ್ದಿ, ಬಾಯಿ ತಗೀತಿದ್ದಿ. ನಿನ್ನಿ ನಾನೂ ನಿನ್ನ ಮಾರಿ ನೋಡಿದೆ. ಅದಕ್ಕ ಉಂಡೆ."